ಸೂಕ್ಷ್ಮ ಪಾಚಿಯ ಆಹಾರಮೌಲ್ಯ ಮತ್ತು ಹಣ್ಣಿನ ನೊಣದ ಸಾಕ್ಷ್ಯ: ಒಂದು ಐತಿಹಾಸಿಕ ಸಮೀಕ್ಷೆ

ಔಷಧದ ಅಂಗಡಿಗಳಲ್ಲಿ ಹಸುರು ಗುಳಿಗೆಗಳಾಗಿ ಮಾರಲ್ಪಡುವ ಸ್ಪಿರುಲಿನಾ, ಕ್ಲೋರೆಲ್ಲಾ ಮೊದಲಾದ ಸೂಕ್ಷ್ಮ ಪಾಚಿಗಳನ್ನು ಆಧುನಿಕ ವಿಜ್ಞಾನದ ಕೊಡುಗೆಯೆಂದೇ ಜನರು ತಿಳಿಯುವುದುಂಟು. ಕ್ಲೋರೆಲ್ಲಾದ ವಿಷಯದಲ್ಲಿ ಈ ತಿಳಿವಳಿಕೆ ಬಹುಮಟ್ಟಿಗೆ ಸರಿ. ಸ್ಪಿರುಲಿನಾದ ವಿಷಯದಲ್ಲಿ ಸರಿಯಲ್ಲ. (ಕಟ್ಟುನಿಟ್ಟಾದ ವರ್ಗೀಕರಣದಂತೆ ಸ್ಪಿರುಲಿನಾ ಒಂದು ಬಗೆಯ ಬ್ಯಾಕ್ಟೀರಿಯ, ಆದರೂ ಅದನ್ನು ಪಾಚಿಯೆನ್ನುವ ರೂಢಿ ಬೇರೂರಿದೆ.) ಇವು ಪುಷ್ಟಿಕರವೆಂಬ ಮಾತಿಗೆ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಸಾಕ್ಷ್ಯಗಳನ್ನು ನಂಬಲಾಯಿತು: ಮೊದಲು ಜನರ ರೂಢಿ, ಅನಂತರ ರಾಸಾಯನಿಕ ವಿಶ್ಲೇಷಣೆ, ಈಚೆಗೆ ಹಣ್ಣಿನ ನೊಣದ ಆಯುಷ್ಯ. ಈ ಮೂರರ ಬೆಲೆಯನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೆಕ್ಸಿಕೋ ಕಣಿವೆಯ ಟೆಸ್ಕೋಕೋ ಸರೋವರದಿಂದ ಅಜ್ಟೆಕರು ಬಲೆಗಳ ಮೂಲಕ ಒಂದು ಬಗೆಯ ಹಾವಸೆಯನ್ನು ಸಂಗ್ರಹಿಸಿ, ಒಣಗಿಸಿ, ಬಿಲ್ಲೆಗಳಾಗಿ ಮಾಡಿ ಸಂತೆಯಲ್ಲಿ ಮಾರುತ್ತಿದ್ದರು. ಕೊರ್ಟೆಸನ ಸೈನಿಕನಾಗಿದ್ದ ಬೆರ್ನಾಲ್ ಡಿಯಾಸನು ಅದರ ರುಚಿಯನ್ನು ಗಿಣ್ಣಿಗೆ ಹೋಲಿಸಿದ್ದಾನೆ. ಪಾದ್ರಿ ಸಹಾಗುನನು ‘ಟೆಕುಯಿತ್ಲಾತ್ಲ್’ ಎಂಬ ಅದರ ಸ್ಥಳೀಯ ನಾಮವನ್ನು ದಾಖಲಿಸಿದ್ದಾನೆ. ಇದು ಸ್ಪಿರುಲಿನಾವೇ ಎಂಬುದು ಆಧುನಿಕ ವಿದ್ವಾಂಸರ ಅನುಮಾನ. 20ನೆಯ ಶತಮಾನದಲ್ಲಿಯೂ ಟೆಸ್ಕೋಕೋದ ಕ್ಷಾರಜಲದಲ್ಲಿ ಸ್ಪಿರುಲಿನಾ ಬೆಳೆಯುತ್ತಿದ್ದುದು ಈ ಅನುಮಾನಕ್ಕೆ ಬಲವಾದ ಆಧಾರ. 1607ರಲ್ಲಿ ಸ್ಪ್ಯಾನಿಷ್ ಆಡಳಿತವು ಪ್ರವಾಹಭಯದಿಂದ ಕಣಿವೆಯ ನೀರನ್ನು ಹೊರಹರಿಸುವ ಕಾಮಗಾರಿಯನ್ನು ಆರಂಭಿಸಿತು. ಸರೋವರಗಳು ಕ್ರಮೇಣ ಬತ್ತಿದಂತೆ ಆ ಆಹಾರವೂ ನಿತ್ಯಬಳಕೆಯಿಂದ ಮರೆಯಾಯಿತು. ಅದು ಅಳಿದದ್ದು ಪುಷ್ಟಿಯ ಕೊರತೆಯಿಂದಲ್ಲ, ನೀರಿನ ಕೊರತೆಯಿಂದ.

ಇದೇ ಪದಾರ್ಥವು ಆಫ್ರಿಕದ ಚಾಡ್ ಸರೋವರದ ಪ್ರದೇಶದಲ್ಲಿ ಉಳಿದು ಬಂದಿತು. ಅಲ್ಲಿನ ಕನೆಂಬು ಸ್ತ್ರೀಯರು ಕ್ಷಾರದ ಹೊಂಡಗಳಿಂದ ಪಾಚಿಯನ್ನು ತೆಗೆದು, ಮರಳಿನ ಮೇಲೆ ಹರಡಿ ಬಿಸಿಲಿನಲ್ಲಿ ಒಣಗಿಸಿ, ‘ದಿಹೆ’ ಎಂಬ ಬಿಲ್ಲೆಗಳನ್ನು ತಯಾರಿಸುತ್ತಾರೆ. ಅದರಿಂದ ಮಾಡಿದ ಸಾರನ್ನು ಸಜ್ಜೆಯ ಮುದ್ದೆಯೊಡನೆ ಉಣ್ಣುತ್ತಾರೆ. 1940ರಲ್ಲಿ ಫ್ರೆಂಚ್ ವಿದ್ವಾಂಸ ದಾಂಜಾರನು ಈ ಬಿಲ್ಲೆಗಳ ಮಾದರಿಯನ್ನು ಪರಿಶೀಲಿಸಿ ವರದಿ ಮಾಡಿದನಾದರೂ ಯುದ್ಧಕಾಲದಲ್ಲಿ ಅದು ಗಮನ ಸೆಳೆಯಲಿಲ್ಲ. 1964-65ರ ಬೆಲ್ಜಿಯನ್ ಯಾತ್ರೆಯಲ್ಲಿ ಸಸ್ಯವಿಜ್ಞಾನಿ ಲೆಯೊನಾರನು ಅದನ್ನು ಮತ್ತೆ ಗುರುತಿಸಿದನು. ಒಣಗಿದ ಸ್ಪಿರುಲಿನಾದ ತೂಕದಲ್ಲಿ ಶೇಕಡಾ 55ರಿಂದ 70ರಷ್ಟು ಪ್ರೋಟೀನು ಇರುವುದು ವಿಶ್ಲೇಷಣೆಗಳಿಂದ ತಿಳಿದುಬಂದಿದೆ.

ಕ್ಲೋರೆಲ್ಲಾದ ಕಥೆ ಬೇರೆ. ಅದು ಸಂತೆಯಿಂದಲ್ಲ, ಪ್ರಯೋಗಶಾಲೆಯಿಂದ ಬಂದುದು. 1890ರಲ್ಲಿ ಬೈಯೆರಿಂಕನು ಅದಕ್ಕೆ ಹೆಸರಿಟ್ಟನು. 1919ರ ವೇಳೆಗೆ ವಾರ್ಬರ್ಗನು ದ್ಯುತಿಸಂಶ್ಲೇಷಣೆಯ ಅಧ್ಯಯನಕ್ಕೆ ಅದನ್ನು ಬಳಸಿದನು. ಎರಡನೆಯ ಮಹಾಯುದ್ಧದ ಅನಂತರ ಜನಸಂಖ್ಯೆ ಮತ್ತು ಕ್ಷಾಮದ ಭೀತಿ ಹೆಚ್ಚಿದಾಗ, ಜಗತ್ತಿನ ಹಸಿವಿಗೆ ಕ್ಲೋರೆಲ್ಲಾ ಪರಿಹಾರವಾದೀತೆಂದು ಅನೇಕರು ನಂಬಿದರು. ಅಮೆರಿಕದ ಕಾರ್ನೆಗಿ ಸಂಸ್ಥೆಯ ನೆರವಿನಿಂದ ಪ್ರಾಯೋಗಿಕ ಸಾಗುವಳಿ ನಡೆಯಿತು. 1953ರಲ್ಲಿ ಅದರ ವಿವರಗಳುಳ್ಳ ಗ್ರಂಥವೂ ಹೊರಬಂದಿತು. ಆದರೆ ಸಾಗುವಳಿಯ ವೆಚ್ಚ ಅಧಿಕವಾಗಿತ್ತು; ದಪ್ಪನಾದ ಕೋಶಭಿತ್ತಿಯ ದೆಸೆಯಿಂದ ಅದು ಸುಲಭವಾಗಿ ಜೀರ್ಣವಾಗುತ್ತಿರಲಿಲ್ಲ. ಸೋಯಾ ಅದಕ್ಕಿಂತ ಅಗ್ಗವಾಗಿ ದೊರೆಯುತ್ತಿತ್ತು. 1960ರ ದಶಕದಲ್ಲಿ ಜಪಾನಿನಲ್ಲಿ ಕ್ಲೋರೆಲ್ಲಾ ಆರೋಗ್ಯವರ್ಧಕ ಸರಕಾಯಿತು. ಹಸಿದವರಿಗಾಗಿ ಯೋಚಿಸಿದ ಆಹಾರ ಹೀಗೆ ಉಂಡವರ ಪೂರಕವಾಗಿ ಮಾರ್ಪಟ್ಟಿತು.

ಪೂರಕವೆಂದ ಮೇಲೆ ಅದರ ಪರಿಣಾಮವನ್ನು ತೋರಿಸಬೇಕಾಗುತ್ತದೆ. ಈ ಕಾರ್ಯಕ್ಕೆ ಒದಗಿದ ಜೀವಿಗಳಲ್ಲಿ ಹಣ್ಣಿನ ನೊಣ ಮುಖ್ಯವಾದುದು. ತಳಿವಿಜ್ಞಾನಕ್ಕೆ ಮಾರ್ಗನ್ನನು 1910ರಲ್ಲಿ ಪ್ರಸಿದ್ಧಿಗೆ ತಂದ ಈ ಕೀಟವನ್ನು 1920ರ ದಶಕದಲ್ಲಿ ರೇಮಂಡ್ ಪರ್ಲನು ಆಯುಷ್ಯದ ಅಧ್ಯಯನಕ್ಕೆ ಬಳಸಿದನು. 1956ರಲ್ಲಿ ಸ್ಯಾಂಗನು ಅದರ ಮರಿಹುಳುಗಳ ಆಹಾರಾಗತ್ಯಗಳನ್ನು ಪರಿಮಾಣಸಹಿತವಾಗಿ ನಿರ್ಧರಿಸಿದನು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು ಹತ್ತು ದಿನಗಳಿಗೆ ಒಂದು ಪೀಳಿಗೆ ಸಿದ್ಧವಾಗುವುದರಿಂದ ಜೀವಮಾನದ ಪರೀಕ್ಷೆ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. 2017ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದರಲ್ಲಿ, ಪಾರ್ಕಿನ್ಸನ್ ರೋಗದ ಮಾದರಿಯಾದ, ಜೀನ್ ದೋಷವುಳ್ಳ ನೊಣಗಳ ಆಯುಷ್ಯವೂ ಚಲನಶಕ್ತಿಯೂ ಸ್ಪಿರುಲಿನಾ ಸೇವನೆಯಿಂದ ಉತ್ತಮಗೊಂಡವೆಂದು ವರದಿಯಾಗಿದೆ.

ಇಂತಹ ಫಲಿತಾಂಶವನ್ನು ಅರ್ಥೈಸುವಾಗ ಎಚ್ಚರ ಅವಶ್ಯ. ನೊಣಕ್ಕೆ ಮಿತಾಹಾರ ಕೊಟ್ಟರೆ ಅದು ಕಡಿಮೆ ಮೊಟ್ಟೆಯಿಟ್ಟು ಹೆಚ್ಚು ಕಾಲ ಬದುಕುತ್ತದೆ. ಅಂತಹ ಆಹಾರಕ್ಕೆ ಅವಶ್ಯಕ ಅಮೈನೋ ಆಮ್ಲಗಳನ್ನು ಸೇರಿಸಿದರೆ ಮೊಟ್ಟೆ ಹೆಚ್ಚಿ ಆಯುಷ್ಯ ಕುಗ್ಗುತ್ತದೆಂದು 2009ರಲ್ಲಿ ತೋರಿಸಲಾಯಿತು. ಆದುದರಿಂದ ಪಾಚಿ ಬೆರೆತ ಆಹಾರದಲ್ಲಿ ನೊಣ ದೀರ್ಘಾಯುವಾದರೆ, ಕಾರಣ ಪಾಚಿಯ ಗುಣವಿರಬಹುದು, ಅಥವಾ ಅರುಚಿಯಿಂದ ನೊಣ ಕಡಿಮೆ ತಿಂದುದಿರಬಹುದು. ತಿಂದ ಪ್ರಮಾಣವನ್ನೂ ಇಟ್ಟ ಮೊಟ್ಟೆಗಳನ್ನೂ ಲೆಕ್ಕವಿಡದ ಪ್ರಯೋಗವು ಈ ಎರಡನ್ನು ಬೇರ್ಪಡಿಸಲಾರದು. ರಾಸಾಯನಿಕ ವಿಶ್ಲೇಷಣೆಗೂ ಮಿತಿಯುಂಟು. ಸ್ಪಿರುಲಿನಾದಲ್ಲಿ ಕಂಡುಬರುವ ಬಿ-12 ಜೀವಸತ್ತ್ವದ ಬಹುಭಾಗ ಮಾನವನಿಗೆ ನಿರುಪಯುಕ್ತವಾದ ರೂಪದಲ್ಲಿದೆಯೆಂಬುದು 1999ರಲ್ಲಿ ಸ್ಪಷ್ಟಪಟ್ಟಿತು.

ಈ ಚರ್ಚೆ ನಮಗೆ ದೂರದ್ದಲ್ಲ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು 1970ರ ದಶಕದಲ್ಲಿ ಜರ್ಮನ್ ಸಹಕಾರದೊಡನೆ ಪಾಚಿಯ ಸಾಗುವಳಿಯನ್ನು ಕೈಗೊಂಡು, ಅಕ್ಕಿ, ರಾಗಿ, ಗೋಧಿಗಳೊಡನೆ ಅದರ ಪೂರಕಮೌಲ್ಯವನ್ನು ಪರೀಕ್ಷಿಸಿತು. ಅದೇ ನಗರದ ವಿಶ್ವವಿದ್ಯಾನಿಲಯವು ಹಣ್ಣಿನ ನೊಣದ ತಳಿಗಳ ಸಂಗ್ರಹಕೇಂದ್ರವನ್ನು ಹೊಂದಿದೆ. ರಾಗಿಯೊಡನೆ ಪಾಚಿಯನ್ನಿಟ್ಟು ನೋಡಿದ ಕ್ರಮ ಗಮನಾರ್ಹ. ಜನರು ನಿಜವಾಗಿ ಉಣ್ಣುವ ಅನ್ನದಿಂದ ಅದು ಪ್ರಶ್ನೆಯನ್ನು ಬೇರ್ಪಡಿಸಲಿಲ್ಲ.

ಒಟ್ಟಿನಲ್ಲಿ, ರೂಢಿಯು ಒಂದು ಪದಾರ್ಥ ತಿನ್ನಲು ಯೋಗ್ಯವೆಂದು ಹೇಳುತ್ತದೆ. ವಿಶ್ಲೇಷಣೆಯು ಅದರಲ್ಲೇನಿದೆಯೆಂದು ತಿಳಿಸುತ್ತದೆ. ನೊಣವು ಅದು ಜೀವದೇಹದಲ್ಲಿ ಹೇಗೆ ವರ್ತಿಸೀತೆಂಬುದಕ್ಕೆ ಸುಳಿವು ಕೊಡುತ್ತದೆ. ಒಂದರ ಉತ್ತರವನ್ನು ಮತ್ತೊಂದರ ಪ್ರಶ್ನೆಗೆ ಹಚ್ಚಿದಾಗಲೆಲ್ಲ ಅತಿಶಯೋಕ್ತಿ ಹುಟ್ಟಿದೆ. ಪಾಚಿ ಯಾರ ತಟ್ಟೆಗೆ ಬರುವುದೆಂಬುದನ್ನಂತೂ ಈ ಮೂರಲ್ಲಿ ಯಾವುದೂ ನಿರ್ಧರಿಸಲಿಲ್ಲ. ನೀರು, ಬೆಲೆ ಮತ್ತು ಅಡುಗೆಯ ಪದ್ಧತಿ ನಿರ್ಧರಿಸಿದವು. ಆಹಾರದ ಇತಿಹಾಸವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಈ ಅಂಶವನ್ನು ಲಕ್ಷ್ಯದಲ್ಲಿಡುವುದು ಉಚಿತ.