ಐದರಲ್ಲಿ ಮೂರು: ಭಾರತೀಯ ವಯಸ್ಕರಲ್ಲಿ ಮೆಟಬಾಲಿಕ್ ಸಿಂಡ್ರೋಮಿನ ಪತ್ತೆ ಮತ್ತು ನಿರ್ವಹಣೆ

ಮೆಟಬಾಲಿಕ್ ಸಿಂಡ್ರೋಮನ್ನು ಗುರುತಿಸುವ ಸೂತ್ರ ಸರಳವಾಗಿದೆ. ಹೊಟ್ಟೆಯ ಸುತ್ತಳತೆ ದಕ್ಷಿಣ ಏಷ್ಯಾದ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟಿರುವುದು, ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಎಚ್‌ಡಿಎಲ್ ಗಂಡಸರಲ್ಲಿ 40ಕ್ಕೂ ಹೆಂಗಸರಲ್ಲಿ 50ಕ್ಕೂ ಕೆಳಗೆ, ರಕ್ತದೊತ್ತಡದ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ತಲುಪಿರುವುದು, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಮೇಲೆ. ಇವುಗಳಲ್ಲಿ ಯಾವ ಮೂರಿದ್ದರೂ ಸಿಂಡ್ರೋಮ್ ಇದ್ದಂತೆ. ಹಲವು ಅಂತಾರಾಷ್ಟ್ರೀಯ ಸಂಸ್ಥೆಗಳು 2009ರಲ್ಲಿ ಒಪ್ಪಿದ ಈ ಎಣಿಕೆ ನಮ್ಮ ವಯಸ್ಕರಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ.

ಜೆರಾಲ್ಡ್ ರೀವನ್ 1988ರಲ್ಲಿ ಇದನ್ನು ‘ಸಿಂಡ್ರೋಮ್ ಎಕ್ಸ್’ ಎಂದು ಕರೆದಾಗ ಇನ್ಸುಲಿನ್ ಪ್ರತಿರೋಧವೇ ಅದರ ಬೇರಾಗಿತ್ತು. ಬೊಜ್ಜಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. 2005ರಲ್ಲಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಹೊಟ್ಟೆಯ ಬೊಜ್ಜನ್ನು ಕಡ್ಡಾಯ ಮಾಡಿತು. ನಾಲ್ಕು ವರ್ಷಗಳ ನಂತರದ ಒಮ್ಮತ ಆ ಕಡ್ಡಾಯವನ್ನು ಕೈಬಿಟ್ಟಿತು.

ಐದೂ ಅಂಶಗಳಿಗೆ ಒಂದೇ ತೂಕ ಕೊಟ್ಟಿರುವುದು ನನ್ನ ಮೊದಲ ತಕರಾರು. ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಮೊದಲ ಹಂತದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢದ ವಯಸ್ಕರನ್ನು ಪರೀಕ್ಷಿಸಿದಾಗ 72.3% ಮಂದಿಯಲ್ಲಿ ಎಚ್‌ಡಿಎಲ್ ಕಡಿಮೆಯಿತ್ತು. ಅಂದರೆ ಹೆಚ್ಚಿನವರಿಗೆ ಒಂದು ಅಂಕ ಪುಕ್ಕಟೆ ಸಿಕ್ಕಿಬಿಡುತ್ತದೆ. ಅವರ ಪಾಲಿಗೆ ‘ಐದರಲ್ಲಿ ಮೂರು’ ಎಂಬುದು ‘ನಾಲ್ಕರಲ್ಲಿ ಎರಡು’ ಆಗುತ್ತದೆ. ಔಷಧಿಯಿಂದ ಎಚ್‌ಡಿಎಲ್ ಏರಿಸಿ ಹೃದಯ ಕಾಯುವ ಯತ್ನಗಳೂ ಫಲಿಸಲಿಲ್ಲ. ಟಾರ್ಸೆಟ್ರಾಪಿಬ್ ಪ್ರಯೋಗವನ್ನು ಸಾವುಗಳು ಹೆಚ್ಚಿದ್ದರಿಂದ 2006ರಲ್ಲಿ ನಿಲ್ಲಿಸಬೇಕಾಯಿತು. ಕಡಿಮೆ ಎಚ್‌ಡಿಎಲ್ ಒಂದು ಸುಳಿವು ಮಾತ್ರ, ಅದಕ್ಕೆಂದೇ ಮಾತ್ರೆ ಬರೆಯುವುದರಲ್ಲಿ ಅರ್ಥವಿಲ್ಲ.

ಹೊಟ್ಟೆಯ ಸುತ್ತಳತೆಯ ಮಾತು ಬೇರೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಎಂಬ ವೈದ್ಯರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ 22.3, ದೇಹದ ಕೊಬ್ಬು ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ತೂಕದ ಯಂತ್ರ ಕಾಣದ ಈ ವ್ಯತ್ಯಾಸದ ಬೇರು ಹುಟ್ಟಿಗೂ ಹಿಂದೆ ಇರಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿ ಉಳಿದುಬಂದ ಹೆರಿಗೆ ದಾಖಲೆಗಳನ್ನು ಹಿಡಿದು ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಅಲ್ಲಿ ಹುಟ್ಟಿದವರನ್ನು ಮಧ್ಯವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. ಬ್ರಿಟನ್ನಿನಲ್ಲಿ ಕಂಡಿದ್ದ ಚಿತ್ರ ಹೀಗಿರಲಿಲ್ಲ.

ಆದ್ದರಿಂದ ಬಿಎಂಐ ಸಾಧಾರಣವಾಗಿದೆಯೆಂದು ಯಾರನ್ನೂ ಕಳಿಸಿಬಿಡಬಾರದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಕೊನೆಯಲ್ಲಿ, ಬಟ್ಟೆಯ ಮೇಲಲ್ಲದೆ ಟೇಪು ಹಿಡಿಯಬೇಕು. ಪ್ಯಾಂಟಿನ ಅಳತೆ ಲೆಕ್ಕಕ್ಕೆ ಬರುವುದಿಲ್ಲ. ಬೆಲ್ಟು ಹೊಟ್ಟೆಯ ಕೆಳಗೆ ಜಾರಿದವರು ಮೂವತ್ತು ವರ್ಷವೂ ಒಂದೇ ಅಳತೆ ಹೇಳುತ್ತಾರೆ! ರಕ್ತದೊತ್ತಡವನ್ನು ಬೇರೆ ಬೇರೆ ದಿನ ನೋಡಬೇಕು. ಥೈರಾಯ್ಡ್ ಕೊರತೆ, ಸ್ಟಿರಾಯ್ಡ್, ಒಲಾಂಜಪಿನ್‌ನಂಥ ಮಾನಸಿಕ ಕಾಯಿಲೆಯ ಔಷಧಿಗಳನ್ನು ಕೇಳಿ ತಿಳಿಯಬೇಕು. ಗೊರಕೆ, ಕೊಬ್ಬಿನ ಪಿತ್ತಜನಕಾಂಗ, ಹೆಂಗಸರಲ್ಲಿ ಪಿಸಿಒಎಸ್ ಈ ಸಿಂಡ್ರೋಮಿನ ಜೊತೆಗಾರರು.

ನಿರ್ವಹಣೆಗೆ ನಮ್ಮಲ್ಲೇ ಗಟ್ಟಿ ಆಧಾರವಿದೆ. ಚೆನ್ನೈನ ಎ. ರಾಮಚಂದ್ರನ್ ನೇತೃತ್ವದ ಪ್ರಯೋಗವು (2006) ಸಕ್ಕರೆ ಏರುತ್ತಿದ್ದ 531 ಮಂದಿಯನ್ನು ಮೂರು ವರ್ಷ ಅನುಸರಿಸಿತು. ಜೀವನಶೈಲಿಯ ಬದಲಾವಣೆ ಮಧುಮೇಹದ ಸಾಧ್ಯತೆಯನ್ನು 28.5%, ಮೆಟ್‌ಫಾರ್ಮಿನ್ 26.4% ತಗ್ಗಿಸಿತು, ಎರಡೂ ಸೇರಿದಾಗ ಹೆಚ್ಚುವರಿ ಲಾಭ ಬರಲಿಲ್ಲ. ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೂ ಈ ಫಲ ಬಂತೆಂಬುದು ಗಮನಾರ್ಹ. ‘ಅನ್ನ ಬಿಟ್ಟು ಮುದ್ದೆ ಹಿಡಿಯಿರಿ’ ಎಂಬ ಸಲಹೆ ಮಾತ್ರ ಅರೆಬರೆ: ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲಿ ಸುಮಾರು 67. ಎರಡು ಮುದ್ದೆ ಒಂದಾಗಿ, ಆ ಜಾಗಕ್ಕೆ ಸೊಪ್ಪು, ಮೊಳಕೆ ಕಾಳು, ಕೋಸಂಬರಿ ಬಂದರೆ ಪ್ರಯೋಜನವುಂಟು.

ಔಷಧಿಯ ನಿರ್ಧಾರವನ್ನು ಐದರ ಎಣಿಕೆಗೆ ಬಿಡಲಾಗದು. ಸ್ಟ್ಯಾಟಿನ್ ಬೇಕೇ ಎಂಬುದನ್ನು ಹೇಳುವ ಎಲ್‌ಡಿಎಲ್, ವಯಸ್ಸು, ತಂಬಾಕು ಈ ಪಟ್ಟಿಯಲ್ಲೇ ಇಲ್ಲ. ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತ ತಪ್ಪಿಸಲು ಅದನ್ನೇ ಮೊದಲು ಇಳಿಸಬೇಕು. 160 ಇದ್ದವರಿಗೆ ಮದ್ಯ, ಸಕ್ಕರೆ ಬಿಡಿಸಿ ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದರೆ ಸಾಕು. ಸೂತ್ರದಲ್ಲಿ ಇಬ್ಬರಿಗೂ ಸಿಗುವುದು ಒಂದೇ ಅಂಕ.