ಕರದಂಟಿನ ಕೊಬ್ಬರಿ, ಬಾಟಲಿಯ ಎಣ್ಣೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಎಣ್ಣೆ ಎಂದರೆ ಕುಸುಬಿ, ಶೇಂಗಾ, ಗುರೆಳ್ಳು, ಅಗಸಿ. ತೆಂಗಿನ ಎಣ್ಣೆ ತಲೆಗೆ ಹಚ್ಚುವ ವಸ್ತು. ಕರಾವಳಿಯವರು ಅದರಲ್ಲಿ ಒಗ್ಗರಣೆ ಹಾಕುತ್ತಾರೆಂದರೆ ಇಲ್ಲಿಯ ಹಿರಿಯರು ಮುಖ ಕಿವುಚುತ್ತಿದ್ದರು. ಅಂಥ ಊರುಗಳಿಗೂ ಈಗ ತೆಂಗಿನಿಂದಲೇ ಹುಟ್ಟಿದ ಇನ್ನೊಂದು ಎಣ್ಣೆಯ ಸುದ್ದಿ ಮೊಬೈಲಿನ ಜಾಹೀರಾತುಗಳ ಮೂಲಕ ಬಂದು ಮುಟ್ಟಿದೆ. ಅದರ ಹೆಸರು ಎಂ.ಸಿ.ಟಿ. ಎಣ್ಣೆ. ಬಣ್ಣವಿಲ್ಲ, ವಾಸನೆಯಿಲ್ಲ, ಬೆಲೆ ಮಾತ್ರ ತುಪ್ಪವನ್ನೂ ಮೀರಿಸುತ್ತದೆ. ಮೈ ಕರಗುತ್ತದೆ, ಮೆದುಳು ಚುರುಕಾಗುತ್ತದೆ, ಮರೆವು ಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಮನೆಯ ಹಿರಿಯರಿಗೆ ಮರೆವಿನ ಕಾಯಿಲೆ ಬಂದಾಗ ಮಕ್ಕಳು ಸಾಲ ಮಾಡಿಯಾದರೂ ಇಂಥ ಬಾಟಲಿ ತರುತ್ತಾರೆ. ಆದ್ದರಿಂದ ಇದು ಏನು, ಎಲ್ಲಿಂದ ಬಂತು, ನಮ್ಮ ಊಟಕ್ಕೂ ಇದಕ್ಕೂ ಏನು ಸಂಬಂಧ ಎಂದು ತಿಳಿಯುವುದು ಬರೀ ಕುತೂಹಲದ ಮಾತಲ್ಲ.

ಎಣ್ಣೆ, ತುಪ್ಪ, ಬೆಣ್ಣೆ ಎಲ್ಲವೂ ರಸಾಯನಶಾಸ್ತ್ರದ ಕಣ್ಣಿಗೆ ಒಂದೇ ಬಗೆಯ ವಸ್ತುಗಳು. ಗ್ಲಿಸರಿನ್ ಎಂಬ ಒಂದು ಗೂಟಕ್ಕೆ ಮೂರು ಕೊಬ್ಬಿನಾಮ್ಲಗಳ ಸರಪಳಿ ಕಟ್ಟಿದರೆ ಅದೇ ಟ್ರೈಗ್ಲಿಸರೈಡ್. ಸರಪಳಿಯ ಒಂದೊಂದು ಕೊಂಡಿಯೂ ಒಂದು ಇಂಗಾಲದ ಪರಮಾಣು. ಕುಸುಬಿ, ಶೇಂಗಾ ಎಣ್ಣೆಗಳಲ್ಲಿ ಸರಪಳಿ ಉದ್ದ, ಹೆಚ್ಚಾಗಿ ಹದಿನೆಂಟು ಕೊಂಡಿ. ಆರರಿಂದ ಹನ್ನೆರಡು ಕೊಂಡಿಗಳಿದ್ದರೆ ಅದು ಮಧ್ಯಮ ಸರಪಳಿ. ಎಂ.ಸಿ.ಟಿ. ಎಂದರೆ ಮಧ್ಯಮ ಸರಪಳಿಯ ಟ್ರೈಗ್ಲಿಸರೈಡ್ ಎಂದಷ್ಟೇ ಅರ್ಥ.

ಈ ಮಧ್ಯಮ ಆಮ್ಲಗಳಿಗೆ ಹೆಸರು ಬಂದದ್ದು ಆಡಿನಿಂದ. ಆರು, ಎಂಟು, ಹತ್ತು ಕೊಂಡಿಯ ಆಮ್ಲಗಳನ್ನು ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಕಾಪ್ರಾ ಎಂದರೆ ಆಡು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಶೆವ್ರೊಲ್ ಎಂಬ ವಿಜ್ಞಾನಿ ಕೊಬ್ಬುಗಳನ್ನು ಬಿಡಿಸಿ ನೋಡಿದಾಗ ಬೆಣ್ಣೆಯಲ್ಲಿ ಇವುಗಳ ಸುಳಿವು ಸಿಕ್ಕಿತು. ಅವನ ಗ್ರಂಥ 1823ರಲ್ಲಿ ಹೊರಬಂತು. ಹೋತದ ಮೈಯ ವಾಸನೆ ನೆನಪಿರುವವರಿಗೆ ಈ ಹೆಸರು ಯಾಕೆಂದು ಬೇರೆ ಹೇಳಬೇಕಿಲ್ಲ. ಆಡಿನ ಹಾಲಿನ ಕೊಬ್ಬಿನಲ್ಲಿ ಈ ಮೂರೂ ಸೇರಿ ಸುಮಾರು ಶೇಕಡ 15ರಷ್ಟಿರುತ್ತವೆ. ಆಕಳ ಹಾಲಿನಲ್ಲಿ ಅದಕ್ಕಿಂತ ಬಹಳ ಕಡಿಮೆ.

ಮಹಾತ್ಮ ಗಾಂಧಿ ಆಕಳು, ಎಮ್ಮೆಗಳ ಹಾಲು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವರು. 1918ರ ದೊಡ್ಡ ಕಾಯಿಲೆಯಿಂದ ಏಳಲಾರದೆ ಇದ್ದಾಗ ಕಸ್ತೂರಬಾ ಅವರ ಮಾತಿನಂತೆ ಆಡಿನ ಹಾಲು ಕುಡಿಯಲು ಒಪ್ಪಿದರು. 1924ರ ಬೆಳಗಾವಿ ಕಾಂಗ್ರೆಸ್ಸಿಗೂ, 1937ರ ಏಪ್ರಿಲ್‌ನಲ್ಲಿ ಹುದಲಿಯ ಗಾಂಧಿ ಸೇವಾ ಸಂಘದ ಸಭೆಗೂ ಅವರು ಬಂದಾಗ ಈ ಆಡಿನ ಹಾಲಿನ ಆಹಾರ ಅವರಿಗೆ ರೂಢಿಯಾಗಿ ಹೋಗಿತ್ತು. ಆಡಿನ ಹಾಲು ಬೇಗ ಅರಗುತ್ತದೆ ಎಂಬ ಹಳ್ಳಿಯ ನಂಬಿಕೆಗೆ ಈ ಸರಪಳಿಯ ಲೆಕ್ಕ ಸ್ವಲ್ಪ ಮಟ್ಟಿಗೆ ಆಧಾರ ಕೊಡುತ್ತದೆ. ಸ್ವಲ್ಪ ಮಟ್ಟಿಗೆ ಮಾತ್ರ. ಅದರಲ್ಲಿ ಫೋಲಿಕ್ ಆಮ್ಲ ತೀರ ಕಡಿಮೆಯಿರುವುದರಿಂದ ಎಳೆಗೂಸಿಗೆ ಅದೊಂದನ್ನೇ ಕುಡಿಸಬಾರದೆಂದು ವೈದ್ಯರು ಹೇಳುತ್ತಾರೆ.

ನಮ್ಮ ಸೀಮೆಯ ಎಣ್ಣೆಯ ಕಥೆ ಇದಕ್ಕಿಂತ ಹಳೆಯದು. ಸವದತ್ತಿ ಸುಗಂಧವರ್ತಿಯಾಗಿದ್ದ ರಟ್ಟರ ಕಾಲಕ್ಕೆ ಕನ್ನಡ ನಾಡಿನಲ್ಲಿ ಎಣ್ಣೆ ತೆಗೆಯುವವರನ್ನು ತೆಲ್ಲಿಗರು ಎನ್ನುತ್ತಿದ್ದರು. ಆ ಕಾಲದ ಶಾಸನಗಳಲ್ಲಿ ದೇವರ ನಂದಾದೀಪಕ್ಕೆ ಗಾಣಕ್ಕೆ ಇಷ್ಟೆಂದು ಎಣ್ಣೆ ಬಿಟ್ಟುಕೊಟ್ಟ ಉಲ್ಲೇಖಗಳು ಮತ್ತೆ ಮತ್ತೆ ಬರುತ್ತವೆ. ಸೊಲ್ಲಗೆ ಎಂಬ ಅಳತೆಯ ಮಾತು ಅಲ್ಲಿ ಸಾಮಾನ್ಯ. ತೆಲ್ಲಿಗರ ಐವತ್ತೊಕ್ಕಲು ಎಂಬ ಸಂಘ ತಾನೇ ದಾನ ಕೊಡುವಷ್ಟು ಗಟ್ಟಿಯಾಗಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನೂ ಒಬ್ಬ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಭಕ್ತರು ಮೀಯುವ ನೀರಿನ ಹೊಂಡಕ್ಕೂ ಎಣ್ಣೆಹೊಂಡ ಎಂದೇ ಹೆಸರು.

ಎತ್ತಿನ ಗಾಣದಿಂದ ಬಂದ ಎಣ್ಣೆ ದೀಪಕ್ಕೂ ಊಟಕ್ಕೂ ಸಲ್ಲುತ್ತಿತ್ತು. ಉಳಿದ ಹಿಂಡಿ ದನಕ್ಕೆ. ಈ ಭಾಗದ ಮಾತಿನಲ್ಲಿ ದನ ತಿನ್ನುವುದೂ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಯೂ ಹಿಂಡಿ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ. ಅದರ ಮೇಲೆ ಒಂದಿಷ್ಟು ಹಸಿ ಎಣ್ಣೆ ಸುರಿದುಕೊಂಡರೆ ಜೋಳದ ರೊಟ್ಟಿಯ ಊಟ ಪೂರ್ಣ. ಈ ತಾಟಿನಲ್ಲಿರುವ ಕೊಬ್ಬೆಲ್ಲ ಉದ್ದ ಸರಪಳಿಯದು. ಹಳೆಯ ತಳಿಗಳ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. ಅಗಸಿ ಎಣ್ಣೆಯ ಅರ್ಧದಷ್ಟು ಇಂದು ಒಮೇಗಾ-3 ಎಂದು ಹೆಸರಾದ ಬಗೆಯದು. ಇವೆರಡನ್ನೂ ಮನುಷ್ಯನ ಮೈ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ದುಬಾರಿ ಎಂ.ಸಿ.ಟಿ. ಬಾಟಲಿಯಲ್ಲಿ ಇವು ಇರುವುದೇ ಇಲ್ಲ.

ಗಾಣ ನಿಂತದ್ದು ಎಂ.ಸಿ.ಟಿ.ಯಿಂದಲ್ಲ, ಯಂತ್ರದ ಗಿರಣಿಗಳಿಂದ, ಆಮೇಲೆ ಡಬ್ಬಿಯ ವನಸ್ಪತಿಯಿಂದ. 1934ರಲ್ಲಿ ವಾರ್ಧಾದಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಗಾಣವನ್ನು ಸುಧಾರಿಸಿ ಉಳಿಸಲು ಹೆಣಗಿತು. ಗಾಂಧೀಜಿ ಹುದಲಿಗೆ ಬಂದ 1937ರಲ್ಲೇ ಡಾಲ್ಡಾ ಮಾರುಕಟ್ಟೆಗೆ ಬಂತು. ಎಣ್ಣೆಗೆ ಜಲಜನಕ ಸೇರಿಸಿ ತುಪ್ಪದಂತೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂಬುದು ಗಟ್ಟಿಯಾಗಿ ಗೊತ್ತಾಗಲು ದಶಕಗಳೇ ಹಿಡಿದವು. ಖಾದ್ಯ ತೈಲಗಳಲ್ಲಿ ಅದು ಶೇಕಡ 2ನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2022ರಲ್ಲಿ. ಕೊಬ್ಬಿನ ವಿಷಯದಲ್ಲಿ ಜಾಹೀರಾತು ಮುಂದೆ ಓಡುತ್ತದೆ, ವಿಜ್ಞಾನ ಹಿಂದಿನಿಂದ ನಡೆದು ಬರುತ್ತದೆ.

ಹಾಗಾದರೆ ಈ ಎರೆಭೂಮಿಯ ಜನರಿಗೆ ಮಧ್ಯಮ ಸರಪಳಿಯ ಕೊಬ್ಬು ಗೊತ್ತೇ ಇರಲಿಲ್ಲವೆ? ಇತ್ತು. ಎಣ್ಣೆಯಾಗಿ ಅಲ್ಲ, ಒಣ ಕೊಬ್ಬರಿಯಾಗಿ.

ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಆಗುವ ಮುಂಚೆ ಈ ಬಯಲಿನಲ್ಲಿ ತೆಂಗಿನ ತೋಟ ಅಪರೂಪ. ಹಸಿ ಕಾಯಿ ಬಹಳ ದಿನ ತಾಳುವುದಿಲ್ಲ, ಒಣ ಕೊಬ್ಬರಿ ತಾಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲು ಬಂದ ಮೇಲೆ ತಿಪಟೂರು, ಅರಸೀಕೆರೆ ಕಡೆಯ ಕೊಬ್ಬರಿಗೆ ಹುಬ್ಬಳ್ಳಿ, ಧಾರವಾಡದ ಪೇಟೆ ಹತ್ತಿರವಾಯಿತು. ಅಲ್ಲಿಂದ ಮುಂದೆ ಬೈಲಹೊಂಗಲಕ್ಕೋ ಸವದತ್ತಿಗೋ ಚಕ್ಕಡಿಯೇ ಗತಿ. ದೂರದಿಂದ ಬಂದ ಪದಾರ್ಥವಾದ್ದರಿಂದ ದಿನದ ಅಡುಗೆಯಲ್ಲಿ ಅದಕ್ಕೆ ಜಾಗ ಕಡಿಮೆ. ಅದರ ಜಾಗ ಉಡಿಯಲ್ಲಿ. ಮದುಮಗಳಿಗೆ, ಬಸುರಿಗೆ, ತವರಿನಿಂದ ಹೊರಟ ಮಗಳಿಗೆ ಅಕ್ಕಿ, ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆಯ ಜೊತೆ ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬುತ್ತಾರೆ. ಯಲ್ಲಮ್ಮನಿಗೂ ಹಾಗೆಯೇ. ಬಡವರ ಮನೆಯಲ್ಲಿ ಹೆಣ್ಣುಮಗಳಿಗೆ ಕೊಬ್ಬರಿ ಸಿಗುತ್ತಿದ್ದುದು ಬಹುಮಟ್ಟಿಗೆ ಈ ದಾರಿಯಿಂದಲೇ.

ಹೆರಿಗೆಯಾದ ಮೇಲೆ ಅದೇ ಕೊಬ್ಬರಿ ತುರಿದು ಅಂಟಿನ ಉಂಡೆ ಕಟ್ಟುತ್ತಾರೆ. ಅಂಟನ್ನು ತುಪ್ಪದಲ್ಲಿ ಕರಿದರೆ ಹರಳಿನಂತೆ ಅರಳುತ್ತದೆ. ಕುಟ್ಟಿದ ಉತ್ತತ್ತಿ, ಗಸಗಸೆ, ಬೆಲ್ಲ, ಕೈ ಮುಂದಿದ್ದರೆ ಬಾದಾಮಿ, ಗೋಡಂಬಿ. ಅಳವಿ ಬೀಜ ಹಾಕುವವರೂ ಉಂಟು. ಕರಿದ ಅಂಟು ಎಂಬುದೇ ಕರದಂಟು. ಗೋಕಾಕ, ಅಮೀನಗಡದ ಅಂಗಡಿಗಳು ಅದನ್ನು ಹೆಸರುವಾಸಿ ಮಾಡಿದ್ದು ನಂತರದ ಮಾತು, ಮೊದಲು ಅದು ಬಾಣಂತಿ ಕೋಣೆಯ, ಗರಡಿಮನೆಯ ತಿನಿಸು. ನೂರು ಗ್ರಾಂ ಒಣ ಕೊಬ್ಬರಿಯಲ್ಲಿ 60 ಗ್ರಾಂಗೂ ಮಿಕ್ಕಿ ಕೊಬ್ಬಿದೆ. ಆ ಕೊಬ್ಬಿನ ಅರ್ಧಕ್ಕಿಂತ ಹೆಚ್ಚು, ಎಂಟರಿಂದ ಹನ್ನೆರಡು ಕೊಂಡಿಯದು. ಕರಿಯಲು ಬಳಸಿದ ತುಪ್ಪವೂ ತನ್ನ ಪಾಲಿನ ಚಿಕ್ಕ, ಮಧ್ಯಮ ಸರಪಳಿಗಳನ್ನು ಸೇರಿಸುತ್ತದೆ. ರಕ್ತ ಕಳೆದುಕೊಂಡು ಹಾಲೂಡಿಸುವ ಹೆಂಗಸಿಗೆ ಒಂದು ಹಿಡಿಯಲ್ಲಿ ಬಹಳಷ್ಟು ಶಕ್ತಿ ಸಿಗಬೇಕೆಂದು ಲೆಕ್ಕ ಹಾಕಿದವರು ಯಾರೋ ನಮ್ಮ ಅಜ್ಜಿಯರ ಅಜ್ಜಿಯರು.

ಕಾರ್ಖಾನೆಯ ಎಂ.ಸಿ.ಟಿ. ಹುಟ್ಟಿದ್ದು 1950ರ ದಶಕದ ಅಮೆರಿಕದಲ್ಲಿ, ಒಂದು ಬಗೆಯಲ್ಲಿ ಕಸದಿಂದ. ಸಾಬೂನು, ಮಾರ್ಜಕ ಮಾಡುವವರಿಗೆ ತೆಂಗಿನ ಎಣ್ಣೆಯಿಂದ ಬೇಕಾದದ್ದು ಹನ್ನೆರಡು ಕೊಂಡಿಯ ಲಾರಿಕ್ ಆಮ್ಲ. ಎಂಟು, ಹತ್ತು ಕೊಂಡಿಯ ಆಮ್ಲಗಳು ಬಟ್ಟಿಯಿಳಿಸುವಾಗ ಮೊದಲೇ ಬೇರೆಯಾಗಿ ಉಳಿದುಬಿಡುತ್ತಿದ್ದವು. ಅವನ್ನು ಮತ್ತೆ ಗ್ಲಿಸರಿನ್‌ಗೆ ಕಟ್ಟಿ ತಿನ್ನುವ ಎಣ್ಣೆ ಮಾಡಿದರು. ವಿಗೆನ್ ಬಾಬಯಾನ್ ಎಂಬ ರಸಾಯನ ವಿಜ್ಞಾನಿಯ ಹೆಸರು ಈ ಕೆಲಸಕ್ಕೆ ಅಂಟಿಕೊಂಡಿದೆ. ನೂರು ಗ್ರಾಂ ತೆಂಗಿನ ಎಣ್ಣೆಯಲ್ಲಿ ಈ ಎರಡು ಆಮ್ಲಗಳ ಪಾಲು ಸುಮಾರು 12ರಿಂದ 15 ಗ್ರಾಂ ಅಷ್ಟೆ. ಬಾಟಲಿ ತುಟ್ಟಿಯಾಗಲು ಅದೂ ಒಂದು ಕಾರಣ.

ಅದು ಹೋಗಿ ಸೇರಿದ್ದು ಆಸ್ಪತ್ರೆಗೆ. ಉದ್ದ ಸರಪಳಿಯ ಕೊಬ್ಬು ಕರಗಲು ಪಿತ್ತರಸ ಬೇಕು, ಮೇದೋಜೀರಕ ಗ್ರಂಥಿಯ ರಸ ಬೇಕು. ಕರುಳು ಹೀರಿದ ಮೇಲೆ ಅದು ಹಾಲಿನಂಥ ದ್ರವವಾಗಿ ದುಗ್ಧರಸದ ನಾಳಗಳಲ್ಲಿ ಸುತ್ತು ಹಾಕಿ ರಕ್ತಕ್ಕೆ ಬರುತ್ತದೆ. ಎಂಟು, ಹತ್ತು ಕೊಂಡಿಯದಕ್ಕೆ ಈ ಸುತ್ತು ಬೇಕಿಲ್ಲ. ಕರುಳಿನಿಂದ ಬಹುಪಾಲು ನೇರವಾಗಿ ಯಕೃತ್ತಿಗೆ ಹೋಗಿ ಅಲ್ಲೇ ಉರಿದು ಶಕ್ತಿಯಾಗುತ್ತದೆ. ಹಾಗಾಗಿ ಕೊಬ್ಬು ಅರಗದ ರೋಗಿಗಳಿಗೆ, ಕರುಳು ಕತ್ತರಿಸಿದವರಿಗೆ, ದುಗ್ಧನಾಳ ಕೆಟ್ಟವರಿಗೆ ಇದು ಆಹಾರವಾಯಿತು. ರಾಮದುರ್ಗಕ್ಕೆ ಹೊಂದಿಕೊಂಡ ಬಾಗಲಕೋಟೆ ಜಿಲ್ಲೆ ಆನೆಕಾಲು ರೋಗ ಬೇರೂರಿದ ಜಿಲ್ಲೆಗಳ ಪಟ್ಟಿಯಲ್ಲಿ ಸೇರಿದ್ದು. ಆ ರೋಗದ ಹುಳು ದುಗ್ಧನಾಳಗಳನ್ನು ಹಾಳುಮಾಡಿದಾಗ ಕೆಲವರಿಗೆ ಮೂತ್ರ ಹಾಲಿನಂತೆ ಬೆಳ್ಳಗೆ ಹೋಗುತ್ತದೆ. ಊಟದ ಕೊಬ್ಬೇ ಸೋರಿಹೋಗುವ ಈ ಸ್ಥಿತಿಯಲ್ಲಿ ವೈದ್ಯರು ಬೇರೆ ಎಣ್ಣೆ ಬಿಡಿಸಿ ಎಂ.ಸಿ.ಟಿ. ಕೊಡುವುದುಂಟು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಆಹಾರದಲ್ಲೂ ಇದರ ಬಳಕೆ ಇದೆ.

ಮೂರ್ಛೆ ರೋಗದ ಚಿಕಿತ್ಸೆ ಇನ್ನೊಂದು. ಉಪವಾಸವಿದ್ದಾಗ ಯಕೃತ್ತು ಕೀಟೋನ್ ಎಂಬ ಪದಾರ್ಥ ತಯಾರಿಸುತ್ತದೆ, ಕೆಲವು ಮಕ್ಕಳಲ್ಲಿ ಆಗ ಮೂರ್ಛೆ ಕಡಿಮೆಯಾಗುತ್ತದೆ. ಇದನ್ನು ಆಧರಿಸಿ 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈಲ್ಡರ್, ಉಪವಾಸವಿಲ್ಲದೆ ಕೊಬ್ಬು ತುಂಬಿದ ಪಥ್ಯದಿಂದಲೇ ಆ ಸ್ಥಿತಿ ತರಬಹುದೆಂದು ಸೂಚಿಸಿದ. 1971ರಲ್ಲಿ ಹಟನ್‌ಲೋಕರ್ ಎಂಬ ವೈದ್ಯ ಮತ್ತು ಅವನ ಜೊತೆಗಾರರು ಎಂ.ಸಿ.ಟಿ. ಬಳಸಿ ಆ ಪಥ್ಯವನ್ನು ಸ್ವಲ್ಪ ಸಡಿಲಿಸಿದರು. ಕೀಟೋನ್ ಬೇಗ ಹುಟ್ಟುವುದರಿಂದ ಮಗುವಿಗೆ ಅನ್ನ, ಹಣ್ಣು ಒಂದಿಷ್ಟು ಹೆಚ್ಚು ಕೊಡಬಹುದಾಯಿತು. ಔಷಧಿಗೆ ಬಗ್ಗದ ಮೂರ್ಛೆಗೆ, ಆಸ್ಪತ್ರೆಯ ನಿಗಾದಲ್ಲಿ, ತೂಕ ಅಳೆದು ಕೊಡುವ ಪಥ್ಯ ಇದು. ಮಾತ್ರೆ ನಿಲ್ಲಿಸಿ ಎಣ್ಣೆ ಕುಡಿಸಿದರೆ ಮಗುವಿನ ಜೀವಕ್ಕೇ ಅಪಾಯ.

ಮರೆವಿನ ರೋಗಕ್ಕೆ ಮದ್ದೆಂಬ ಮಾತು ಹುಟ್ಟಿದ್ದೂ ಈ ಕೀಟೋನಿನಿಂದಲೇ. ಮುದಿ ಮೆದುಳಿಗೆ ಸಕ್ಕರೆ ಸರಿಯಾಗಿ ದಕ್ಕದಿದ್ದಾಗ ಕೀಟೋನ್ ಕೈಹಿಡಿಯಬಹುದು ಎಂಬುದು ಯೋಚಿಸತಕ್ಕ ಊಹೆ. ಆದರೆ ಈವರೆಗಿನ ಪ್ರಯೋಗಗಳು ಅಲ್ಜೈಮರ್ ರೋಗವನ್ನು ಇದು ಗುಣಪಡಿಸುತ್ತದೆಂದು ತೋರಿಸಿಲ್ಲ. ತೂಕದ ಮಾತೂ ಅಷ್ಟೆ. ಬೇರೆ ಎಣ್ಣೆಯ ಬದಲಿಗೆ ಬಳಸಿದಾಗ ಅಲ್ಪ ಇಳಿಕೆ ಕಂಡಿದೆ. ಮಾಮೂಲಿ ಊಟದ ಮೇಲೆ ಎರಡು ಚಮಚ ಸೇರಿಸಿ ಕುಡಿದರೆ ಅದು ಒಂದು ಗ್ರಾಂಗೆ ಸುಮಾರು 8 ಕ್ಯಾಲೊರಿಯಂತೆ ಲೆಕ್ಕಕ್ಕೆ ಸೇರುವುದೇ ಸರಿ. ಒಮ್ಮೆಗೇ ಹೆಚ್ಚು ಕುಡಿದವರಿಗೆ ಹೊಟ್ಟೆನುಲಿತ, ಭೇದಿ. ಯಕೃತ್ತಿನ ಕಾಯಿಲೆಯವರೂ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಬೇಗ ಹೊಗೆಯಾಡುವ ಎಣ್ಣೆಯಾದ್ದರಿಂದ ಬಜಿ, ಮಿರ್ಚಿ ಕರಿಯಲೂ ಬರುವುದಿಲ್ಲ.

ಇನ್ನೊಂದು ಗೊಂದಲವಿದೆ. ಎಂ.ಸಿ.ಟಿ. ಬಗ್ಗೆ ನಡೆದ ಪ್ರಯೋಗಗಳ ಫಲವನ್ನು ಸಾದಾ ತೆಂಗಿನ ಎಣ್ಣೆಯ ಹೆಸರಿಗೆ ಬರೆದು ಮಾರುವವರಿದ್ದಾರೆ. ತೆಂಗಿನ ಎಣ್ಣೆಯ ಹೆಚ್ಚಿನ ಪಾಲು ಲಾರಿಕ್ ಆಮ್ಲ. ಕೊಂಡಿಗಳ ಲೆಕ್ಕದಲ್ಲಿ ಅದು ಮಧ್ಯಮವಾದರೂ ಕರುಳಿನಲ್ಲಿ ಅದರ ನಡವಳಿಕೆ ಬಹುಮಟ್ಟಿಗೆ ಉದ್ದ ಸರಪಳಿಯದೇ, ರಕ್ತದ ಕೊಲೆಸ್ಟ್ರಾಲನ್ನೂ ಏರಿಸುತ್ತದೆ. ಕೊಳ್ಳಲೇಬೇಕಾದವರು ಬಾಟಲಿಯ ಚೀಟಿಯಲ್ಲಿ ಸಿ8, ಸಿ10 ಎಂಬ ಅಕ್ಷರಗಳಿವೆಯೆ, ಎಷ್ಟೆಷ್ಟಿವೆ ಎಂದು ನೋಡಬೇಕು. ಸಿ12 ಎಂದು ಬರೆದಿದ್ದರೆ ಅದು ಲಾರಿಕ್. ಅದಕ್ಕೆ ಅಷ್ಟು ದುಡ್ಡು ಕೊಡಬೇಕಿಲ್ಲ, ಬೈಲಹೊಂಗಲದ ಕಿರಾಣಿ ಅಂಗಡಿಯ ಕೊಬ್ಬರಿ ಬಟ್ಟಲಿನಲ್ಲೇ ಅದು ಬೇಕಾದಷ್ಟಿದೆ.