ಮಕ್ಕಾ ಬಾಗಿಲ ಬಳಿಯ ಛತ್ರ



ಕ್ರಿಸ್ತಜಯಂತಿಯ ರಾತ್ರಿ ಗೋದಲಿಯ ಮುಂದೆ ಮೊಣಕಾಲೂರುವಾಗ ನಮ್ಮ ಕಣ್ಣು ಬಾಲಯೇಸುವಿನ ಮೇಲಿರುತ್ತದೆ. ಸ್ಥಳ ಸಿಗದ ಆ ಛತ್ರ ನಮಗೆ ಮರೆತೇ ಹೋಗುತ್ತದೆ. ನಾಟಕಗಳಲ್ಲಿ ಬಾಗಿಲು ಮುಚ್ಚುವ ಯಜಮಾನನೊಬ್ಬನನ್ನು ನಾವು ನಿಲ್ಲಿಸುತ್ತೇವೆ. ಲೂಕರ ಶುಭಸಂದೇಶದಲ್ಲಿ ಅಂಥವನೇ ಇಲ್ಲ. ಈ ಹಬ್ಬಕ್ಕೆ ಛತ್ರದ ಬಗ್ಗೆಯೇ ಸ್ವಲ್ಪ ಯೋಚಿಸೋಣ. ಅದಕ್ಕೆ ಬೆತ್ಲೆಹೇಮಿನವರೆಗೆ ಹೋಗಬೇಕಿಲ್ಲ, ವಿಜಯಪುರ ಸಾಕು.

ವಿಜಯಪುರದಲ್ಲಿ ಜಲನಗರ ಎಂಬ ಬಡಾವಣೆಯಿದೆ. ಬೇಸಿಗೆಯಲ್ಲಿ ಆ ಹೆಸರು ಕೇಳಿದ ಹೊರಗಿನವರಿಗೆ ನಗು ಬಂದೀತು. ಊರಿನ ಚರಿತ್ರೆ ಬಲ್ಲವರು ನಗುವುದಿಲ್ಲ. ಆದಿಲಶಾಹಿ ಅರಸರು ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ಊರಿಗೆ ನೀರು ತಂದರು. ಊರೊಳಗೆ ದೊಡ್ಡ ದೊಡ್ಡ ಬಾವಡಿಗಳನ್ನು ತೋಡಿಸಿದರು. 1620ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದ್ದೆಂದು ಹೇಳುವ ತಾಜ್ ಬಾವಡಿ ಅವುಗಳಲ್ಲೊಂದು. ಸುಮಾರು 35 ಅಡಿ ಅಗಲದ ಕಮಾನು, ಅದರ ಎರಡೂ ಬದಿಗೆ ಎಂಟು ಮೂಲೆಯ ಬುರುಜು. ಕಮಾನಿನ ಪೂರ್ವಕ್ಕೂ ಪಶ್ಚಿಮಕ್ಕೂ ಚಾಚಿದ ಕಟ್ಟಡಗಳು ದಾರಿಹೋಕರು ತಂಗಲು ಇದ್ದವು.

ಅದನ್ನು ಕಟ್ಟಿದ ಜಾಗವನ್ನು ಗಮನಿಸಿ. ಕೋಟೆಯ ಪಶ್ಚಿಮದ ಮಕ್ಕಾ ಬಾಗಿಲ ಹತ್ತಿರ. ಟಿಕೋಟಾ, ತೊರವಿ ದಾರಿಯಲ್ಲಿ ದೂಳು ತಿಂದು ಬಂದವನಿಗೆ ಊರು ಹೊಕ್ಕಕೂಡಲೇ ನೀರು, ನೆರಳು. ಬರುವವನು ಯಾರೆಂದು ಕಟ್ಟಿಸಿದವರಿಗೆ ಗೊತ್ತಿರಲಿಲ್ಲ. ಅವನು ಹುಟ್ಟುವ ಮೊದಲೇ ಅವನಿಗೆ ಜಾಗ ಸಿದ್ಧವಾಗಿತ್ತು.

ನಮ್ಮವರೂ ಈ ಊರಿಗೆ ಪರಕೀಯರಾಗಿಯೇ ಬಂದವರು. 1561ರಲ್ಲಿ ಒಂದನೆಯ ಅಲಿ ಆದಿಲಶಾಹನು ಗೋವೆಯಿಂದ ವಿದ್ವಾಂಸರಾದ ಗುರುಗಳನ್ನು ಕರೆಸಿಕೊಂಡಾಗ ಯೇಸುಸಭೆಯ ಗೊನ್ಸಾಲೊ ರೊಡ್ರಿಗಸ್ ಸ್ವಾಮಿಗಳು ಬಂದಿದ್ದರು. 1640ರ ಸುಮಾರಿಗೆ ಮುಸ್ತಫಾಖಾನನು ಪ್ರಯಾಣಿಕರಿಗೆಂದು ಇನ್ನೂ ದೊಡ್ಡ ಸರಾಯಿ ಕಟ್ಟಿಸಿದ. ಬ್ರಿಟಿಷರ ಕಾಲದಲ್ಲಿ ಅದು ಜೈಲಾಯಿತು! ಮತ್ತಾಯರ 25ನೇ ಅಧ್ಯಾಯದಲ್ಲಿ ಪ್ರಭು ಪರದೇಶಿಯನ್ನೂ ಸೆರೆಯಾಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ನೆನಪಾಗುತ್ತದೆ. ತಾಜ್ ಬಾವಡಿಯೂ ಬಹುಕಾಲ ಹೂಳು, ಕಸ ತುಂಬಿ ಹಾಳಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಹೂಳು ತೆಗೆಸಿದ್ದಾರೆ.

ಕಲ್ಲಿನ ಛತ್ರ ಹಾಳಾದರೂ ಆ ನಾಡಿನ ರೂಢಿ ಹಾಳಾಗಿಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ಹಳ್ಳಿಹಳ್ಳಿಗಳಲ್ಲಿ ರೊಟ್ಟಿ, ಮಜ್ಜಿಗೆ ಹಂಚುವುದನ್ನು ಈಗಲೂ ಕಾಣಬಹುದು. ಒಮ್ಮೆ ಏಪ್ರಿಲ್ ತಿಂಗಳಲ್ಲಿ ಟಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವಾಗ ನಮ್ಮ ಜೀಪು ಕೆಟ್ಟು ನಿಂತಿತು. ಸುತ್ತ ದ್ರಾಕ್ಷಿ ತೋಟ, ಮೇಲೆ ಬೆಂಕಿಯಂಥ ಬಿಸಿಲು. ಒಣದ್ರಾಕ್ಷಿ ಶೆಡ್ಡಿನಿಂದ ಬಂದ ಹಿರಿಯರೊಬ್ಬರು ತಂಬಿಗೆ ಚಾಚಿದರು. ನಾವು ಪರಿಚಯ ಹೇಳಹೊರಟರೆ, "ಮೊದಲ ನೀರ ಕುಡೀರಿ, ಹೆಸರ ಆಮ್ಯಾಲ ಕೇಳತೇನ್ರಿ" ಎಂದರು. ಆಮೇಲೆ ರೊಟ್ಟಿ, ಶೇಂಗಾ ಹಿಂಡಿ ಬಂತು. ಮಗನನ್ನು ಬೈಕಿನ ಮೇಲೆ ಮೆಕ್ಯಾನಿಕ್ಕನ ಬಳಿ ಅಟ್ಟಿದರು. ಹೊರಡುವಾಗ ಜೇಬು ತುಂಬ ಒಣದ್ರಾಕ್ಷಿ. ಹೆಸರು ಕೇಳಲು ಅವರಿಗೆ ಕೊನೆಗೂ ನೆನಪಾಗಲಿಲ್ಲ.

ಅದೇ ವರ್ಷ ಡಿಸೆಂಬರ್ 24ರ ರಾತ್ರಿ. ಬಲಿಪೂಜೆಗೆ ಇನ್ನೊಂದು ತಾಸಿತ್ತು. ಕೂಲಿಗೆಂದು ಬಂದ ಕುಟುಂಬವೊಂದು, ಜೊತೆಗೆ ಎಳೆಗೂಸು, ದೇವಾಲಯದ ವರಾಂಡದಲ್ಲಿ ಮಲಗಲು ಕೇಳಿತು. ನಾವು ಗಾಯಕವೃಂದದ ಮೈಕಿನ ಗಡಿಬಿಡಿಯಲ್ಲಿದ್ದೆವು. "ಎಲ್ಲಿಯವರು? ಯಾರಿಗೆ ಪರಿಚಯ? ಪೂಜೆ ಮುಗಿಯಲಿ, ನೋಡೋಣ" ಎಂದೆವು. ಆ ರಾತ್ರಿಯ ನಮ್ಮ ಪ್ರಬೋಧನೆ ಛತ್ರದಲ್ಲಿ ಸ್ಥಳವಿಲ್ಲದ್ದರ ಬಗ್ಗೆಯೇ ಇತ್ತು. ಮುಗಿಸಿ ಬಂದು ಟಾರ್ಚು ಹಿಡಿದು ಹುಡುಕಿದರೆ ವರಾಂಡ ಖಾಲಿ. ಬಸ್ ನಿಲ್ದಾಣದಲ್ಲೂ ಅವರಿರಲಿಲ್ಲ.

ಈಗ ಆ ವರಾಂಡದಲ್ಲಿ ರಾತ್ರಿಯಿಡೀ ದೀಪವಿರುತ್ತದೆ. ಒಂದು ಕೊಡ ನೀರು, ನಾಲ್ಕು ಚಾಪೆ, ಎರಡು ಕಂಬಳಿ ಇಟ್ಟಿದ್ದೇವೆ. ಹೆಸರು ಬರೆದುಕೊಳ್ಳುವ ಪುಸ್ತಕ ಇರಲೆಂದು ಧರ್ಮಕೇಂದ್ರದ ಮಂಡಳಿಯಲ್ಲಿ ಕೆಲವರು ಸೂಚಿಸಿದರು, ಬೇಡವೆಂದೆವು. ಕಳೆದ ತಿಂಗಳು ಒಂದು ಕಂಬಳಿ ಕಾಣೆಯಾಯಿತು. ಬೇರೆ ತಂದಿಟ್ಟಿದ್ದೇವೆ.